ಬಾಡಿಗೆ ಅಜ್ಜ

“ಹುಟ್ಟು ಕೇಳ್ತಿದೀರೋ, ವಂಶ ಕೇಳ್ತಿದೀರೋ?” ಪ್ರೊಫೆಸರು ಕನ್ನಡಕದ ಮೇಲಿಂದ ನೋಡಿದರು. “ಎರಡೂ ಬೇರೆ ಬೇರೆ.”

“ಎರಡೂ ಹೇಳಿ ಸಾರ್. ನನ್ನ ಮುತ್ತಜ್ಜ ಯಾರು ಅಂತಲೇ ನನಗೆ ಗೊತ್ತಿಲ್ಲ. ಇನ್ನು ಇಂಗ್ಲಿಷ್ ಪದದ ಮುತ್ತಜ್ಜ ಎಲ್ಲಿಂದ ಗೊತ್ತಾಗ್ಬೇಕು?” ಅಂದ ಜಿಗಣೆ.

ಜಿಗಣೆ ಅನ್ನುವುದು ಈ ಖಾಸಗಿ ಪತ್ತೇದಾರನಿಗೆ ಪೊಲೀಸರು ಇಟ್ಟ ಹೆಸರು. ಅಂಟಿಕೊಂಡರೆ ಉಪ್ಪು ಸುರಿದರೂ ಬಿಡುವುದಿಲ್ಲ ಎಂದು. ಹೆತ್ತವರು ಇಟ್ಟ ಹೆಸರು ಈಗ ಅವನ ಗುರುತಿನ ಚೀಟಿಗೆ ಮಾತ್ರ ಗೊತ್ತು.

ನಿಘಂಟು ಕಚೇರಿಯ ಪ್ರಧಾನ ಸಂಪಾದಕರು ತಮ್ಮ ಕುರ್ಚಿಯಲ್ಲೇ ತಲೆ ಒಡೆದು ಸತ್ತಿದ್ದರು. ಅವರ ಹೆಂಡತಿಯ ತಮ್ಮ, ಊರೆಲ್ಲ ಗಿಳಿ ಎಂದು ಕರೆಯುವವನು, ಲಾಕಪ್ಪಿನಲ್ಲಿದ್ದ. ಇವತ್ತು ಕೋರ್ಟು ಮುಚ್ಚುವುದರೊಳಗೆ ಅವನ ಪರವಾಗಿ ಏನಾದರೂ ಸಿಗದಿದ್ದರೆ ದೊಡ್ಡ ಜೈಲು. ಅಲ್ಲಿಂದ ಮುಂದೆ ಹಗ್ಗ.

ಗಿಳಿಯ ತಪ್ಪೆಂದರೆ ಗಂಟಲು. ಕಚೇರಿಯಲ್ಲಿ ಅವನದು ಅಚ್ಚಿನ ಕರಡನ್ನು ಗಟ್ಟಿಯಾಗಿ ಓದುವ ಕೆಲಸ. ಎದುರಿಗೆ ಕೂತವನು ಮೂಲ ಪ್ರತಿ ಹಿಡಿದು ಹೋಲಿಸಬೇಕು. ದಿನವಿಡೀ ಅರ್ಧವಿರಾಮ, ಪೂರ್ಣವಿರಾಮ ಎಂದು ಕೂಗಿ ಕೂಗಿ ಬೇಜಾರಾದರೆ ಗಿಳಿ ಒಂದು ಪುಟವನ್ನು ಭಾಷಣ ಬಿಗಿಯುವ ಮಂತ್ರಿಯ ದನಿಯಲ್ಲಿ ಓದುತ್ತಿದ್ದ, ಇನ್ನೊಂದನ್ನು ಹಲ್ಲಿಲ್ಲದ ಮುದುಕಿಯ ದನಿಯಲ್ಲಿ. ಎಲ್ಲಕ್ಕಿಂತ ಚೆನ್ನಾಗಿ ಬರುತ್ತಿದ್ದದ್ದು ಭಾವನ ದನಿ, ಅಂದರೆ ಸಂಪಾದಕರದ್ದೇ. ಕಚೇರಿಯೆಲ್ಲ ನಗುತ್ತಿತ್ತು. ಭಾವ ನಕ್ಕದ್ದನ್ನು ಮಾತ್ರ ಯಾರೂ ಕಂಡಿರಲಿಲ್ಲ.

ಡಾಕ್ಟರ ಪ್ರಕಾರ ಸಂಪಾದಕರು ಶನಿವಾರ ಊಟದ ಹೊತ್ತಿಗೇ ಸತ್ತಿದ್ದರು. ಗೇಟು ಕಾಯುವ ತಾತನ ಪ್ರಕಾರ ಚಹಾದ ಹೊತ್ತಿಗೂ ಒಳಗೆ ಜೋರಾಗಿ ಮಾತಾಡುತ್ತಿದ್ದರು. ಸತ್ತವರು ಮಾತಾಡುವುದಿಲ್ಲ. ಅವರ ದನಿಯಲ್ಲಿ ಮಾತಾಡಬಲ್ಲವನು ಒಬ್ಬನೇ. ಪೊಲೀಸರಿಗೆ ಇಷ್ಟು ಸಾಕಾಗಿತ್ತು.

ಜಿಗಣೆಗೆ ಸಾಕಾಗಿರಲಿಲ್ಲ. ಸಂಪಾದಕರು ಕೈಯಲ್ಲಿ ಬರೆಯುತ್ತಿರಲಿಲ್ಲ. ಟೇಪ್ ರೆಕಾರ್ಡರಿಗೆ ಹೇಳುತ್ತಿದ್ದರು. ಟೈಪಿಸ್ಟು ಸೋಮವಾರ ಬಂದು, ಕಿವಿಗೆ ಹೆಡ್‌ಫೋನು ಹಾಕಿ, ಕಾಲಲ್ಲಿ ಪೆಡಲು ಒತ್ತಿ ನಿಲ್ಲಿಸುತ್ತ ಓಡಿಸುತ್ತ ಟೈಪು ಮಾಡುತ್ತಿದ್ದಳು. ಆ ಶನಿವಾರದ ಟೇಪು ಕಾಣೆಯಾಗಿತ್ತು. ಕೊಂದವನು ಟೇಪು ಹಾಕಿ, ಸತ್ತವರನ್ನು ಚಹಾದ ಹೊತ್ತಿನವರೆಗೆ ಮಾತಾಡಿಸಿ, ಹೋಗುವಾಗ ಟೇಪನ್ನು ಜೇಬಿಗೆ ಹಾಕಿಕೊಂಡಿದ್ದಾನೆ ಎಂಬುದು ಜಿಗಣೆಯ ವಾದ. ವಾದವೇನೋ ಚೆನ್ನಾಗಿತ್ತು. ಜೇಬು ಯಾರದು?

ಅದಕ್ಕೇ ಈ ಕೋಣೆ. ಪ್ರೊಫೆಸರು ಸತ್ತವರ ಎದುರಾಳಿ. ಇಂಗ್ಲಿಷ್ ಸಾಹಿತ್ಯ ಪದಗಳ ವಂಶಾವಳಿ ಬರೆಯುವುದರಲ್ಲಿ ಇಬ್ಬರಿಗೂ ಹಳೇ ಪೈಪೋಟಿ. ಮೂರು ಕುರ್ಚಿಗಳಿದ್ದರೂ ಮೂರರ ಮೇಲೂ ಪುಸ್ತಕಗಳು ಕೂತಿದ್ದವು, ಮನುಷ್ಯರು ನಿಲ್ಲಬೇಕು. ಕಿಟಕಿಯಿಂದ ಬಾಗಿಲಿಗೆ ಕಟ್ಟಿದ ದಾರದಲ್ಲಿ ಪ್ರೊಫೆಸರ ಹೊಸ ನಿಘಂಟಿನ ಕರಡು ಹಾಳೆಗಳು ಕ್ಲಿಪ್ಪು ಕಚ್ಚಿಕೊಂಡು ತೂಗುತ್ತಿದ್ದವು. ಮಸಿ ಇನ್ನೂ ಆರಿರಲಿಲ್ಲ.

“ಪ್ಲೇಜಿಯರಿಸಂ,” ಪ್ರೊಫೆಸರು ಬಾಯಿ ತುಂಬ ಹೇಳಿದರು. “ನಾವು ಕನ್ನಡದಲ್ಲಿ ಕೃತಿಚೌರ್ಯ ಅಂದು ಕೈ ತೊಳ್ಕೊಂಡ್ವಿ. ಆದರೆ, ಗಮನಿಸಿ, ಮೂಲದಲ್ಲಿ ಕೃತಿಯೇ ಇಲ್ಲ. ಮಕ್ಕಳಿದ್ದಾರೆ.”

“ಮಕ್ಕಳೇ?”

“ಲ್ಯಾಟಿನ್ನಿನಲ್ಲಿ ಪ್ಲೇಜಿಯಾರಿಯಸ್ ಅಂದ್ರೆ ಬೇರೆಯವರ ಮಕ್ಕಳನ್ನೋ ಆಳುಗಳನ್ನೋ ಹೊತ್ಕೊಂಡು ಹೋಗಿ ತನ್ನವು ಅನ್ನೋನು. ಮನುಷ್ಯರ ಕಳ್ಳ. ಹಳೇ ರೋಮಿನ ಒಬ್ಬ ಕವಿ, ತನ್ನ ಪದ್ಯಗಳನ್ನ ಇನ್ನೊಬ್ಬ ತನ್ನವು ಅಂತ ಓದ್ಕೊಂಡು ತಿರುಗಿದಾಗ, ಸಿಟ್ಟಲ್ಲಿ ಆ ಬೈಗುಳ ಎತ್ತಿ ಅವನ ಮೇಲೆ ಎಸೆದ. ಅಂಟ್ಕೊಳ್ತು. ಹದಿನೈದು ಶತಮಾನ ಆದ್ಮೇಲೆ ಇಂಗ್ಲಿಷಿನವರು ಎತ್ಕೊಂಡ್ರು.”

“ಅಂದ್ರೆ ಕಳ್ಳತನಕ್ಕೆ ಹೆಸರು ಬೇಕಾಗಿ ಹೆಸರನ್ನೇ ಕದ್ರು.”

ಪ್ರೊಫೆಸರು ನಗಲಿಲ್ಲ. ಅವರಿಗೆ ತಮ್ಮ ಜೋಕಿಗೆ ಮಾತ್ರ ನಗು ಬರುತ್ತಿತ್ತು. “ಅದಕ್ಕೂ ಹಿಂದೆ ಹೋದ್ರೆ ಪ್ಲಾಗಾ. ಬಲೆ. ಬೇಟೆಯ ಬಲೆ.”

“ಇಷ್ಟೇನಾ ಸಾರ್?” ಜಿಗಣೆ ಮುಖ ಸಣ್ಣ ಮಾಡಿದ. “ಇದು ಅಂಗಡಿಯಲ್ಲಿ ಸಿಗೋ ನಿಘಂಟಲ್ಲೂ ಇದೆ. ಸತ್ತವರ ಆಫೀಸಿನಲ್ಲಿ ಹೇಳಿದ್ರು, ಪ್ರೊಫೆಸರ ಹತ್ರ ಹೋದ್ರೆ ಇನ್ನೂ ಒಂದು ಮೆಟ್ಟಿಲು ಕೆಳಗೆ ಕರ್ಕೊಂಡು ಹೋಗ್ತಾರೆ ಅಂತ. ಹೋಗ್ಲಿ ಬಿಡಿ. ಅವರಿಗೆ ಗೊತ್ತಿತ್ತೋ ಏನೋ, ಪಾಪ, ಸತ್ತೇ ಹೋದ್ರು.”

ಹೊಗಳಿಕೆಗಿಂತ ಹೋಲಿಕೆ ಹೆಚ್ಚು ಕೆಲಸ ಮಾಡುತ್ತದೆ. ಪ್ರೊಫೆಸರ ಕಿವಿ ಕೆಂಪಾಯಿತು.

“ಅವರಿಗೊಬ್ಬರಿಗೇ ಅಲ್ಲ ಕಣ್ರೀ ಗೊತ್ತಿದ್ದಿದ್ದು! ಬೇಟೆಯ ಬಲೆಗೂ ಹಿಂದೆ ಮೀನಿನ ಬಲೆ ಇದೆ. ಹಳೇ ಬಂದರುಗಳ ಬೆಸ್ತರ ಮಾತು, ಪ್ಲಾಜಾರ್. ಪಕ್ಕದವನ ಬಲೆಯಿಂದ ಮೀನು ಕದಿಯೋನು. ಮೊದಲು ಮೀನು, ಆಮೇಲೆ ಮಕ್ಕಳು, ಕೊನೆಗೆ ಪದ್ಯ. ಎಷ್ಟು ಚಂದದ ವಂಶ ನೋಡಿ!”

ಜಿಗಣೆ ಒಂದು ಕುರ್ಚಿಯ ಪುಸ್ತಕಗಳನ್ನು ನೆಲಕ್ಕಿಳಿಸಿ, ಕೇಳದೆಯೇ ಕೂತ.

“ಸಾರ್, ಗೇಟಿನ ತಾತ ಬಾಗಿಲ ಹೊರಗಿಂದ ಎರಡೇ ಮಾತು ಸ್ಪಷ್ಟವಾಗಿ ಕೇಳಿಸ್ಕೊಂಡಿದಾನೆ. ‘ಬಲೆ’ ಅಂತ ಒಂದು, ‘ಮೀನು ಕದಿಯುವವನು’ ಅಂತ ಒಂದು. ಪೊಲೀಸರು ನಕ್ಕು, ಮುದುಕನಿಗೆ ಹಸಿವಾಗಿತ್ತು ಅಂದ್ರು. ನಾನು ಲೈಬ್ರರಿಗೆ ಹೋಗಿ ಸಿಕ್ಕ ನಿಘಂಟೆಲ್ಲ ತಿರುವಿದೆ. ಮಕ್ಕಳ ಕಳ್ಳ ಎಲ್ಲಾ ಕಡೆ ಇದಾನೆ. ಮೀನುಗಳ್ಳ ಎಲ್ಲೂ ಇಲ್ಲ.”

“ಎಲ್ಲೂ ಇಲ್ಲದ್ದು ನನ್ನ ಹತ್ರ ಇದ್ರೆ ಅದು ವಿದ್ವತ್ತು.”

“ಅದು ಬಾಡಿಗೆ ಅಜ್ಜ ಸಾರ್.”

ಪ್ರೊಫೆಸರ ಹುಬ್ಬು ಏರಿತು, ಇಳಿಯಲಿಲ್ಲ.

“ಲಾಕಪ್ಪಲ್ಲಿ ಗಿಳಿ ಹೇಳಿದ. ಆ ಆಫೀಸಿನ ಪದ್ಧತಿ ಅದು. ಪ್ರತಿ ಸಂಪುಟದಲ್ಲೂ ಒಂದೇ ಒಂದು ಪದಕ್ಕೆ ಹುಟ್ಟದೇ ಇರೋ ಅಜ್ಜನ್ನ ತಂದು ಕೂರಿಸ್ತಾರೆ. ಯಾವ ಪದಕ್ಕೆ ಅನ್ನೋದು ದೊಡ್ಡೋರಿಗೆ ಬಿಟ್ಟು ಯಾರಿಗೂ ಗೊತ್ತಿರಲ್ಲ. ಕಟ್ಟಕಡೆಯ ದಿನ ಟೇಪಿಗೆ ಹೇಳ್ತಾರೆ. ನಾಳೆ ಬೇರೆಯವರ ಪುಸ್ತಕದಲ್ಲಿ ಅದೇ ಅಜ್ಜ ಕೆಮ್ತಾ ಕೂತಿದ್ರೆ, ಪದ ಅವರು ಹುಡುಕಿದ್ದಲ್ಲ, ಇವರದ್ದು ಎತ್ತಿದ್ದು ಅಂತ ಗೊತ್ತಾಗುತ್ತೆ. ನಿಮ್ಮ ಮೀನುಗಳ್ಳ ಯಾವ ಬಂದರಲ್ಲೂ ಹುಟ್ಟಿಲ್ಲ. ಆ ಶನಿವಾರ, ಆ ಕೋಣೆಯಲ್ಲಿ, ಆ ಟೇಪಲ್ಲಿ ಹುಟ್ಟಿದ. ಅದನ್ನ ಯಾರೂ ಟೈಪು ಮಾಡಿಲ್ಲ. ಯಾರೂ ಓದಿಲ್ಲ. ಕೇಳಿದೋರಿಗೆ ಮಾತ್ರ ಗೊತ್ತು.”

ಪ್ರೊಫೆಸರು ದಾರದ ಕಡೆ ನೋಡಿದರು. ನೋಡಬಾರದಿತ್ತು. ಜಿಗಣೆ ಎದ್ದು ಹೋಗಿ ಅವರ ಕಣ್ಣು ಬಿದ್ದ ಹಾಳೆಯ ಮುಂದೆ ನಿಂತ. ಎಡಗಡೆಯ ಕಾಲಮ್ಮಿನ ನಡುವೆ, ಬೆರಳಿಟ್ಟರೆ ಮೆತ್ತಿಕೊಳ್ಳುವಷ್ಟು ಹಸಿಯಾಗಿ, ಪ್ಲಾಜಾರ್ ಕೂತಿದ್ದ.

“ಅಚ್ಚಿಗೂ ಕೊಟ್ಟುಬಿಟ್ರಾ?” ಜಿಗಣೆಯ ದನಿಯಲ್ಲಿ ನಿಜವಾದ ಮರುಕವಿತ್ತು. “ಕೃತಿಚೌರ್ಯ ಅನ್ನೋ ಪದವನ್ನೇ ಕದ್ರಾ ಸಾರ್?”

“ನಾನು ಕೊಂದಿಲ್ಲ.” ಪ್ರೊಫೆಸರ ಗಂಟಲಲ್ಲಿದ್ದ ತರಗತಿ ಖಾಲಿಯಾಗಿತ್ತು. “ಆ ಕಚೇರಿಗೆ ಕಾಲಿಟ್ಟು ಎಷ್ಟೋ ವರ್ಷವಾಯ್ತು. ಶನಿವಾರ ಮಧ್ಯಾಹ್ನವೆಲ್ಲ ಇಲ್ಲೇ ಪರೀಕ್ಷೆ ನಡೆಸ್ತಿದ್ದೆ, ಕೆಳಗಡೆ ಹಾಲಿನಲ್ಲಿ. ನೂರಾರು ಹುಡುಗರು ನೋಡಿದಾರೆ.”

“ಹಾಗಾದ್ರೆ ಮೀನು ಹೇಗೆ ಈಜ್ಕೊಂಡು ಬಂತು?”

“ಫೋನಲ್ಲಿ.”

“ಯಾರದು?”

ಪ್ರೊಫೆಸರು ಮೇಜಿನ ಮೇಲಿನ ಧೂಳಿನಲ್ಲಿ ಒಂದು ಗೆರೆ ಎಳೆದರು, ಅಳಿಸಿದರು. “ನೀವು ಯಾರ ಪರವಾಗಿ ಓಡಾಡ್ತಿದೀರೋ ಅವರದೇ. ಗಿಳಿಯ ಅಕ್ಕ, ಸತ್ತವರ ಹೆಂಡತಿ.”

ಕೆಳಗೆ ಯಾರೋ ಎಷ್ಟು ಒದ್ದರೂ ಒಂದು ಸ್ಕೂಟರು ಹೊತ್ತಿಕೊಳ್ಳದೆ ಕೆಮ್ಮುತ್ತಿತ್ತು. ಕೊನೆಗೂ ಹೊತ್ತಿಕೊಂಡಿತು.

“ಯಾವಾಗ?”

“ಶನಿವಾರ ಸಂಜೆ. ಪರೀಕ್ಷೆ ಮುಗಿಸಿ ಆಗಷ್ಟೇ ಮೇಲೆ ಬಂದಿದ್ದೆ.”

ಹೆಣ ಸಿಕ್ಕಿದ್ದು ಭಾನುವಾರ ಬೆಳಗ್ಗೆ. ಗಂಡ ಕೆಲಸದ ಮೇಲೆ ಕಚೇರಿಯಲ್ಲೇ ಮಲಗುವುದು ವಾಡಿಕೆ, ಆ ದಿನ ನಾನು ಮನೆ ಬಿಟ್ಟು ಹೊರಟೇ ಇಲ್ಲ ಎಂದು ಅವಳು ಪೊಲೀಸರಿಗೂ ಹೇಳಿದ್ದಳು, ಜಿಗಣೆಗೂ ಹೇಳಿದ್ದಳು.

“ಏನಂದ್ರು? ಅವರು ಹೇಳಿದ ಹಾಗೇ ಹೇಳಿ.”

“ಪ್ಲಾಜಾರ್ ಅಂತೆ, ಹಳೇ ಬಂದರಿನ ಬೆಸ್ತರ ಮಾತಂತೆ, ಪಕ್ಕದವನ ಬಲೆಯಿಂದ ಮೀನು ಕದಿಯೋನಂತೆ, ಎಲ್ಲಾದ್ರೂ ನೋಡಿದೀರಾ ಅಂತ ಕೇಳಿದ್ರು. ಇಲ್ಲ ಅಂದೆ. ಅದಕ್ಕೆ ಆಯಮ್ಮ ಅಂದಿದ್ದು, ‘ನಾನೂ ಎಲ್ಲೂ ನೋಡಿಲ್ಲ. ನಾನು ಹಾಗೆ ಬರೆದಿರಲಿಲ್ಲ.’” ಪ್ರೊಫೆಸರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “‘ನಾನು ಬರೆದಿರಲಿಲ್ಲ’ ಅಂದ್ರು! ಫೋನಿಟ್ಟ ಮೇಲೆ ತುಂಬಾ ಹೊತ್ತು ಕೂತಿದ್ದೆ. ಏಳು ಸಂಪುಟ. ಒಂದೊಂದನ್ನೂ ಹೊಗಳಿ ಪತ್ರಿಕೆಗೆ ಬರೆದವನು ನಾನು. ಎಂಥಾ ವಿದ್ವತ್ತು, ಎಂಥಾ ತಾಳ್ಮೆ ಅಂತ. ಅದು ಅಡುಗೆಮನೆಯಲ್ಲಿ ಕೂತು ಬರೆದ ತಾಳ್ಮೆ. ಆ ಮನುಷ್ಯ ಅದನ್ನ ಟೇಪಿಗೆ ಓದಿ ಹೇಳ್ತಿದ್ದ, ಅಷ್ಟೇ. ಮುಖಪುಟದಲ್ಲಿ ಅವನ ಹೆಸರು.”

“ಇದನ್ನ ಪೊಲೀಸರಿಗೆ ಯಾಕೆ ಹೇಳಲಿಲ್ಲ?”

“ಪದ ಚೆನ್ನಾಗಿತ್ತು,” ಅಂದರು ಪ್ರೊಫೆಸರು, ನೆಲ ನೋಡಿಕೊಂಡು. “ಮೊದಲು ಅಚ್ಚಾಗಲಿ ಅಂತ.”

ಜಿಗಣೆ ಮೆಟ್ಟಿಲು ಇಳಿದ.

ಗಿಳಿಯ ಅಕ್ಕ ಜಿಗಣೆಯ ಹಳೇ ಕಾರಿನಲ್ಲಿ ಕಾಯುತ್ತಿದ್ದಳು. ತೊಡೆಯ ಮೇಲೆ ಇಸ್ತ್ರಿ ಮಾಡಿದ ಒಂದು ಬಿಳಿ ಅಂಗಿ, ಕಾಲರು ಮುದುಡದ ಹಾಗೆ ಮಡಿಸಿದ್ದು. ತಮ್ಮ ಕೋರ್ಟಿನಲ್ಲಿ ಮಾಸಿದ ಬಟ್ಟೆಯಲ್ಲಿ ನಿಲ್ಲಬಾರದು ಎಂದು ಬೆಳಗ್ಗೆಯಿಂದ ಹಿಡಿದು ಕೂತಿದ್ದಳು.

“ಟೇಪು ಕದ್ದವನು ಸಿಕ್ಕಿದ್ನಾ?”

“ಸಿಕ್ಕಿದ್ರು.”

ಕಾರು ಕಾಲೇಜಿನ ಗೇಟು ದಾಟಿ, ಸೈಕಲ್ ರಿಪೇರಿ ಅಂಗಡಿಗಳ ಸಾಲು ದಾಟಿತು. ಜಿಗಣೆ ಕನ್ನಡಿಯಲ್ಲಿ ಅವಳನ್ನು ನೋಡಲಿಲ್ಲ.

“ಅಮ್ಮಾ, ಶನಿವಾರ ಸಂಜೆ ಪ್ರೊಫೆಸರಿಗೆ ಫೋನ್ ಮಾಡಿದ್ರಿ.”

ಅವಳ ಕೈ ಅಂಗಿಯ ಮೇಲೆ ನಿಂತಿತು. ಇಲ್ಲ ಅನ್ನಲಿಲ್ಲ. ಸುಳ್ಳು ಹೇಳಿ ಅಭ್ಯಾಸವಿಲ್ಲದವರು ಒಂದು ಸುಳ್ಳಿಗೇ ಸುಸ್ತಾಗಿರುತ್ತಾರೆ.

“ಮಾಡಿದೆ.”

“ಗಂಡ ಸತ್ತು ಬಿದ್ದಿರೋವಾಗ ಒಂದು ಪದದ ಅಜ್ಜನ ವಿಚಾರ ಕೇಳೋಕೆ?”

“ಏನು ಮಾಡ್ಬೇಕು ಅಂತ ತೋಚಲಿಲ್ಲ,” ಅಂದಳು. “ಕೂಗ್ಬೇಕಿತ್ತು. ಯಾರನ್ನಾದ್ರೂ ಕರೀಬೇಕಿತ್ತು. ಕೈ ಫೋನಿನ ಹತ್ರ ಹೋಯ್ತು, ಬಾಯಿಗೆ ಅದು ಬಂತು. ಮದುವೆಯಾದಾಗಿಂದ ನಾನು ಮಾಡಿದ್ದು ಅದೊಂದೇ ಕೆಲಸ. ಗೊತ್ತಿಲ್ಲದ ಪದ ಕಿವಿಗೆ ಬಿದ್ರೆ, ಗೊತ್ತಿರೋರನ್ನ ಕೇಳೋದು.”

“ಅಂದ್ರೆ ಆಫೀಸಿಗೆ ಹೋಗಿದ್ರಿ.”

“ಹೋಗಿದ್ದೆ. ಚಹಾದ ಹೊತ್ತಿಗೆ. ಹಿಂದಿನ ಮೆಟ್ಟಿಲಿಂದ. ಒಂದೇ ಸಲ.”

“ಯಾಕೆ?”

“ಕೊನೇ ಸಂಪುಟ ಅದು. ಮುಖಪುಟದಲ್ಲಿ ಮೂಲೆಯಲ್ಲಾದ್ರೂ ನನ್ನ ಹೆಸರು ಹಾಕಿ ಅಂತ ಕೇಳೋಕೆ.” ಅವಳು ಕಿಟಕಿಯ ಗಾಜನ್ನು ಇಳಿಸಿದಳು, ಮತ್ತೆ ಏರಿಸಿದಳು. “ಬಾಗಿಲ ಹತ್ರ ಅವರ ದನಿ ಕೇಳಿಸ್ತು. ಮೀನುಗಳ್ಳನ ಕಥೆ ಹೇಳ್ತಿದ್ರು. ಮೈ ಉರಿದುಹೋಯ್ತು. ನನ್ನ ಬರಹದಲ್ಲಿ ಇಲ್ಲದ್ದನ್ನ ಸೇರಿಸೋಕೆ ಇವರು ಯಾರು ಅಂತ. ಆ ಬಾಡಿಗೆ ಅಜ್ಜನ ಆಟ ನನಗೆ ಇವತ್ತು ಬೆಳಗ್ಗೆ ನೀವು ಹೇಳೋವರೆಗೂ ಯಾರೂ ಹೇಳಿರಲಿಲ್ಲ, ನೋಡಿ.”

ಜಿಗಣೆ ಮನಸ್ಸಿನಲ್ಲೇ ಕೂಡಿ ಕಳೆದ. ಸತ್ತವರು ಸತ್ತದ್ದು ಊಟದ ಹೊತ್ತಿಗೆ. ಇವಳು ದನಿ ಕೇಳಿದ್ದು ಚಹಾದ ಹೊತ್ತಿಗೆ. ಅಂದರೆ ತಾತ ಕೇಳಿದ್ದನ್ನೇ ಇವಳೂ ಕೇಳಿದ್ದಾಳೆ. ಇನ್ನೊಂದು ಸಾಕ್ಷಿ.

“ಹಾಗಾದ್ರೆ ಗೆದ್ವಿ ಅಮ್ಮಾ! ಟೇಪು ಓಡ್ತಿತ್ತು. ನೀವು ಅದನ್ನ ಕೋರ್ಟಲ್ಲಿ ಹೇಳಿಬಿಡಿ. ದನಿ ಯಂತ್ರದ್ದು, ಮನುಷ್ಯನದ್ದಲ್ಲ ಅಂತ. ನಿಮ್ಮ ತಮ್ಮ ಇವತ್ತೇ ಆಚೆ ಬರ್ತಾನೆ.”

“ಟೇಪು ಓಡ್ತಿತ್ತು,” ಅಂದಳು ಅವಳು. “ನಾನು ಬಾಗಿಲು ತೆಗೆದೆ. ಚಕ್ರ ಎರಡೂ ತಿರುಗ್ತಾ ಇದ್ವು. ಆದರೆ ಯಂತ್ರದಿಂದ ಒಂದು ಸದ್ದೂ ಬರ್ತಿರಲಿಲ್ಲ. ಹೆಡ್‌ಫೋನು ಸಿಕ್ಕಿಸಿತ್ತು.”

ಜಿಗಣೆಯ ಕಾಲು ಬ್ರೇಕಿನ ಮೇಲೆ ತಾನಾಗಿಯೇ ಬಿತ್ತು. ಹಿಂದಿನ ಲಾರಿಯವನು ಹಾರನ್ನು ಒತ್ತಿ, ಅವನ ವಂಶವನ್ನೆಲ್ಲ ನೆನೆದು, ಪಕ್ಕದಿಂದ ಹೋದ.

“ಹೆಡ್‌ಫೋನು ಯಾರ ಕಿವಿಯಲ್ಲಿತ್ತು?”

“ಅವನ ಕಿವಿಯಲ್ಲಿ. ನನ್ನ ತಮ್ಮನ ಕಿವಿಯಲ್ಲಿ. ಟೈಪಿಸ್ಟಿನ ಕುರ್ಚಿಯಲ್ಲಿ ಕೂತಿದ್ದ, ಬೆನ್ನು ನನ್ನ ಕಡೆ. ಎದುರಿನ ಕುರ್ಚಿಯಲ್ಲಿ ಅವರು. ತಲೆ ಹೀಗೆ ವಾಲಿತ್ತು.” ಅವಳು ತಲೆ ವಾಲಿಸಿ ತೋರಿಸಲಿಲ್ಲ, ಕೈಯಲ್ಲಿ ಮಾತ್ರ ತೋರಿಸಿದಳು. “ಇವನು ಕಿವಿಗೆ ಬಿದ್ದಿದ್ದನ್ನ ಬಾಯಲ್ಲಿ ಹೇಳ್ತಿದ್ದ. ಅವರ ದನಿಯಲ್ಲಿ.”

“ಅಳ್ತಾ ಇದ್ನಾ?”

“ಇಲ್ಲ. ತಪ್ಪಿದ ಕಡೆ ಪೆಡಲು ಒತ್ತಿ ಹಿಂದಕ್ಕೆ ತಗೊಂಡು, ಮತ್ತೆ ಮೊದಲಿಂದ ಹೇಳ್ತಿದ್ದ.”

ಕೋರ್ಟಿನ ಹಿಂದಿನ ಗೋಡೆ ಬಂತು. ಜಿಗಣೆ ಕಾರು ನಿಲ್ಲಿಸಿದ. ಎಂಜಿನ್ನು ಆರಿಸುವುದನ್ನು ಮರೆತ. ಒಂದು ವಾರದಿಂದ ಅವನು ಒಂದೊಂದೇ ಇಟ್ಟಿಗೆ ಇಟ್ಟು ಕಟ್ಟಿದ್ದು ಯಂತ್ರದ ದನಿಯ ಮೇಲೆ. ತಾತ ಕೇಳಿದ್ದು ಗಿಳಿಯನ್ನೇ. ಪೊಲೀಸರು ಹೇಳಿದ್ದೇ ಸರಿ. ಅದನ್ನು ಬಲ್ಲ ಒಬ್ಬಳೇ ಸಾಕ್ಷಿ ಗಿಳಿಯನ್ನು ಬಿಡಿಸಲು ಜಿಗಣೆಯನ್ನು ಗೊತ್ತು ಮಾಡಿದ್ದಳು.

“ಟೇಪು ಎಲ್ಲಿದೆ?”

“ಇಲ್ಲ. ಅವನು ಬಚ್ಚಲಿಗೆ ಕೈ ತೊಳೆಯೋಕೆ ಹೋದಾಗ ಒಳಗೆ ಹೋಗಿ ತಗೊಂಡು ಬಂದೆ. ಮನೇಲಿ ಒಲೆಗೆ ಹಾಕಿದೆ. ಅವನನ್ನ ಉಳಿಸೋಕೆ.”

“ಮೀನುಗಳ್ಳ ಆದ್ಮೇಲೆ ಅದರಲ್ಲಿ ಇನ್ನೇನಿತ್ತು?”

“ಗೊತ್ತಿಲ್ಲ. ನಾನು ಹಾಕಿ ಕೇಳಲಿಲ್ಲ.” ಅವಳು ಮೊದಲ ಸಲ ಕನ್ನಡಿಯಲ್ಲಿ ಅವನ ಕಣ್ಣನ್ನು ಹಿಡಿದಳು. “ಇಷ್ಟು ದಿನ ನೀವು ಹೇಳ್ತಿದ್ದದ್ದನ್ನೇ ಹೇಳಿ. ದನಿ ಯಂತ್ರದ್ದು ಅಂತ. ಇರೋ ಒಬ್ಬ ತಮ್ಮ, ನಾನೇ ಎತ್ತಿ ಬೆಳೆಸಿದವನು. ಹೇಳ್ತೀರಾ, ಇಲ್ವಾ?”

ಜಿಗಣೆ ಬಾಯಿ ತೆರೆದ. ಅಷ್ಟರಲ್ಲಿ ಪೊಲೀಸ್ ವ್ಯಾನು ಬಂತು.

ಹಿಂದಿನ ಬಾಗಿಲು ತೆರೆದು ಇಬ್ಬರು ಪೇದೆಗಳು ಇಳಿದರು. ಅವರ ನಡುವೆ ಗಿಳಿ. ತೆಳ್ಳಗಿನ ಹುಡುಗ ಒಂದೇ ವಾರದಲ್ಲಿ ಇನ್ನೂ ತೆಳ್ಳಗಾಗಿದ್ದ. ಅಕ್ಕ ಕಾರಿನಿಂದ ಇಳಿದು ಓಡಿದಳು, ಅಂಗಿಯನ್ನು ಎರಡೂ ಕೈಯಲ್ಲಿ ಮುಂದೆ ಚಾಚಿ. ಪೇದೆಯೊಬ್ಬ ಪಕ್ಕಕ್ಕೆ ಸರಿದು ದಾರಿ ಬಿಟ್ಟ.

“ಬಂದೆ ಕಣೋ,” ಅಂದಳು. “ಇದನ್ನ ಹಾಕ್ಕೋ. ಏನೂ ಮಾತಾಡ್ಬೇಡ, ಎಲ್ಲಾ ಇವರು ನೋಡ್ಕೋತಾರೆ.”

ಗಿಳಿ ಅಂಗಿಯನ್ನು ಮುಟ್ಟಲಿಲ್ಲ. ಅಕ್ಕನ ಮುಖವನ್ನು ನೋಡಿದ, ಕರಡಿನ ಸಾಲು ನೋಡುವ ಹಾಗೆ, ಎಡದಿಂದ ಬಲಕ್ಕೆ. ಗಂಟಲು ಒಮ್ಮೆ ಏರಿ ಇಳಿಯಿತು.

ಆಮೇಲೆ ಬಂದ ದನಿ ಅವನದಾಗಿರಲಿಲ್ಲ. ಭಾರವಾದ, ಕೊಂಚ ಕರಕಲಾದ, ವಯಸ್ಸಾದ ಗಂಡಸಿನ ದನಿ. ಜಿಗಣೆ ಅದನ್ನು ಜೀವಮಾನದಲ್ಲೇ ಕೇಳಿರಲಿಲ್ಲ. ಆದರೂ ಯಾರದೆಂದು ಅವನಿಗೆ ಯಾರೂ ಹೇಳಬೇಕಾಗಲಿಲ್ಲ. ಅಂಗಿ ಅವಳ ಕೈಯಿಂದ ಜಾರಿ ನೆಲಕ್ಕೆ ಬಿದ್ದಿತ್ತು.

“ಏನೇ, ಊಟಕ್ಕೆ ಮುಂಚೆ ಒಂದು ಸಲ ಬಂದು ಜಗಳ ಆಡಿದ್ದು ಸಾಲಲಿಲ್ವಾ? ಮತ್ತೆ ಬಂದ್ಯಾ?” ಅಂದಿತು ಆ ದನಿ, ಟೇಪಿನಲ್ಲಿದ್ದದ್ದನ್ನು ಒಂದಕ್ಷರ ತಪ್ಪದೆ ಒಪ್ಪಿಸುವ ಹಾಗೆ. “ಕೈಯಲ್ಲಿ ಏನದು?”